ಬಲಗಡೆ ಗುಂಡಿಗೆಯ ಅಜ್ಜ

"ಎದೆ ಸೀಳಿ ಹೊಲಿಯೋ ಜಾಗದಾಗೆ ನಗಾಕೆ ಏನೇ ಐತೆ ನಿಂಗೆ?" ಅಂತ ಹೊಳಲ್ಕೆರೆಯಲ್ಲಿರೋ ನಮ್ಮತ್ತೆ, ನಾನು ಊರಿಗೆ ಹೋದಾಗೆಲ್ಲ ಕೇಳ್ತಾರೆ. ಕೇಳೋದು ಬೈಯೋ ಧಾಟಿಯಲ್ಲಿ. ಕೇಳಿದ ಮೇಲೆ ಮಾತ್ರ ಕಾಫಿ ಲೋಟ ಹಿಡ್ಕೊಂಡು ಎದುರಿಗೇ ಕೂರ್ತಾರೆ, ಹೊಸದೇನಾದ್ರೂ ಇದೆಯಾ ಅಂತ. ಇದ್ದೇ ಇರುತ್ತೆ. ಚಿತ್ರದುರ್ಗದ ಒಂದು ಹೃದಯದ ಆಸ್ಪತ್ರೆಯಲ್ಲಿ ನಾನು ಆಪರೇಷನ್ ಥಿಯೇಟರ್ ಸಿಸ್ಟರ್. ದೊಡ್ಡ ಡಾಕ್ಟ್ರು ಕೈ ಚಾಚಿದಾಗ ಆ ಕೈಗೆ ಬೇಕಾದ ಕತ್ತರಿ, ಚಿಮಟ, ಸೂಜಿ ಕೊಡೋದು ನನ್ನ ಕೆಲಸ. ನಗೋದಕ್ಕೆ ಅಂತ ನಾವೇನೂ ಮಾಡಬೇಕಿಲ್ಲ, ಜನ ಬರ್ತಾರಲ್ಲ, ಸಾಕು. ಹೊಸದುರ್ಗದ ಒಬ್ಬರು ಮೇಷ್ಟ್ರು ಬೈಪಾಸ್ ಆಗಿ, ಬಾಯಿಂದ ಕೊಳವೆ ತೆಗೆದ ತಕ್ಷಣ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, "ಏನದು ಗಲಾಟೆ? ಕೈಕಟ್ಟಿ ಕುಂತ್ಕಳ್ರಿ" ಅಂದರು. ದೇವರಾಣೆ, ನಾವು ನಾಲ್ಕೂ ಜನ ಕೈಕಟ್ಟಿದೆವು.

ಆದರೆ ಅತ್ತೆ ಮತ್ತೆ ಮತ್ತೆ ಹೇಳಿಸಿಕೊಳ್ಳೋದು ಬಲಗಡೆ ಗುಂಡಿಗೆಯ ಅಜ್ಜನ ಕಥೆ.

ಕೆಟ್ಟಿದ್ದು ಯಾರದ್ದು?

ಅಜ್ಜ ಹಿರಿಯೂರು ತಾಲ್ಲೂಕಿನವನು. ಮಾರಿಕಣಿವೆ ಡ್ಯಾಮಿನ ಸುತ್ತಮುತ್ತಲ ಗುಡ್ಡದಲ್ಲಿ ಹುಟ್ಟಿದಾಗಿನಿಂದ ಕುರಿ ಕಾಯ್ದವನು. ಕೆಲವು ತಿಂಗಳಿಂದ ಗುಡ್ಡ ಹತ್ತಿದರೆ ಎದೆ ಹಿಡ್ಕೊಳ್ಳೋದು, ಬೆವರೋದು. ನೋವು ಬಲಗಡೆ. ಬಲಗಡೆ ನೋವು ಅಂದ್ರೆ ಹಟ್ಟಿಯವರೆಲ್ಲ ಒಂದೇ ಮಾತು ಹೇಳಿದರು, "ಗ್ಯಾಸು". ಅಜ್ಜಿ ಓಮದ ಕಷಾಯ ಕಾಸಿ ಕಾಸಿ ಕುಡಿಸಿದಳು. ಕೊನೆಗೆ ಒಂದು ದಿನ ಅಜ್ಜ ಕುರಿಗಳ ನಡುವೆಯೇ ಕುಸಿದು ಕೂತ. ಆಗ ಅಜ್ಜಿ ಯಾರ ಮಾತೂ ಕೇಳದೆ ಗಂಡನ್ನ ಆಟೋದಲ್ಲಿ ಹಾಕ್ಕೊಂಡು, ಆಮೇಲೆ ಬಸ್ಸಲ್ಲಿ ಕೂರಿಸ್ಕೊಂಡು ನಮ್ಮಲ್ಲಿಗೆ ಕರ್ಕೊಂಡು ಬಂದಳು.

ನಮ್ಮ ಇಸಿಜಿ ಟೆಕ್ನಿಷಿಯನ್ನಿಗೆ ತನ್ನ ಮಿಷಿನ್ ಅಂದ್ರೆ ಹೆಂಡತಿಗಿಂತ ಹೆಚ್ಚು ನಂಬಿಕೆ. ಅಜ್ಜನ್ನ ಮಲಗಿಸಿ, ಎದೆಗೆ ವೈರು ಅಂಟಿಸಿ ತೆಗೆದ. ಪೇಪರ್ ನೋಡಿದ್ರೆ ಗೆರೆ ಎಲ್ಲಾ ತಲೆಕೆಳಗು. "ವೈರು ಅದಲುಬದಲಾಗಿದೆ" ಅಂತ ಬಿಚ್ಚಿ ಮತ್ತೆ ಅಂಟಿಸಿದ. ಮತ್ತೂ ಹಂಗೇ. ಪಕ್ಕದ ರೂಮಿನ ಮಿಷಿನ್ ತಂದ. ಅದೂ ಹಂಗೇ. ಈಗ ಅವನಿಗೆ ಬೆವರು. ಬಾಗಿಲ ಹತ್ತಿರ ನಿಂತಿದ್ದ ಅಟೆಂಡರನ್ನ ಕರೆದು, ಪಕ್ಕದ ಮಂಚದ ಮೇಲೆ ಮಲಗಿಸಿ, ಅವನ ಇಸಿಜಿ ತೆಗೆದ. ಅಚ್ಚುಕಟ್ಟಾಗಿ ಬಂತು!

ಇದನ್ನೆಲ್ಲ ನೋಡ್ತಾ ಮಲಗಿದ್ದ ಅಜ್ಜ ಅಂದ, "ಅಲ್ಲಲೇ ತಮ್ಮಾ, ನಂದು ಕೆಟ್ಟೈತೆ ಅಂತ ನಾನು ಬಂದ್ರೆ, ನೀನು ಚೆನ್ನಾಗಿರೋನ್ದು ನೋಡ್ತೀಯಲ್ಲೋ!"

ಎದುರುಗೋಡೆ

ಅಷ್ಟರಲ್ಲಿ ಡ್ಯೂಟಿ ಡಾಕ್ಟ್ರು ಬಂದರು. ಸ್ಟೆತಸ್ಕೋಪ್ ಎಡಗಡೆ ಇಟ್ಟರೆ ಎಲ್ಲೋ ದೂರದಲ್ಲಿ ಬಡಿದ ಹಂಗೆ. ಬಲಗಡೆ ಇಟ್ಟರೆ ಡೋಲು. ಅವರ ಹುಬ್ಬು ಮೇಲೆ ಹೋಗಿದ್ದು ಕೆಳಗೆ ಇಳಿಯಲಿಲ್ಲ. ಎಕ್ಸ್‌ರೇ ಆಯ್ತು, ಸ್ಕ್ಯಾನಿಂಗ್ ಆಯ್ತು. ಗುಂಡಿಗೆ ಬಲಗಡೆ. ಅದೊಂದೇ ಅಲ್ಲ, ಬಲಗಡೆ ಇರಬೇಕಾದ ಲಿವರ್ ಎಡಗಡೆ, ಎಡಗಡೆ ಇರಬೇಕಾದ ಹೊಟ್ಟೆ ಬಲಗಡೆ. ಕನ್ನಡಿಯೊಳಗಿನ ಮನುಷ್ಯ ಎದ್ದು ಬಂದು ಮಂಚದ ಮೇಲೆ ಮಲಗಿದ ಹಾಗೆ. ಹುಟ್ಟಿದಾಗಿನಿಂದ ಹಂಗೇ ಇದ್ದು, ಯಾವ ತೊಂದರೆಯೂ ಇಲ್ಲದೆ ಬದುಕಿದ್ದಾನೆ, ಯಾರಿಗೂ ಗೊತ್ತಾಗಿಲ್ಲ.

ಸ್ಕ್ಯಾನಿಂಗ್ ಡಾಕ್ಟ್ರು ಅಜ್ಜನಿಗೆ ತಿಳಿಯೋ ಹಂಗೆ ಹೇಳಿದರು, "ಅಜ್ಜಾ, ಸಾಮಾನು ಒಂದೂ ಕಮ್ಮಿ ಇಲ್ಲ. ಎಲ್ಲಾ ಎದುರುಗೋಡೆಗೆ ಜೋಡಿಸಿದ್ದಾರೆ, ಅಷ್ಟೇ."

ತಗೋ, ಸುದ್ದಿ ಹಬ್ಬಿತು. ಮಕ್ಕಳ ಡಾಕ್ಟ್ರು ಬಂದರು, ಕಣ್ಣಿನ ಡಾಕ್ಟ್ರು ಬಂದರು, ನರ್ಸಿಂಗ್ ಓದೋ ಹುಡುಗಿಯರು ಸಾಲುಗಟ್ಟಿದರು. ಪುಸ್ತಕದಲ್ಲಿ ಓದಿದ್ದನ್ನ ಕಿವಿಯಾರೆ ಕೇಳೋ ಆಸೆ ಎಲ್ಲರಿಗೂ. ಅಜ್ಜನಿಗೆ ಬೇಜಾರಿಲ್ಲ. ಅಂಗಿ ಗುಂಡಿ ಬಿಚ್ಚಿಕೊಂಡೇ ಕೂತಿರ್ತಿದ್ದ. ಯಾರಾದ್ರೂ ಅಭ್ಯಾಸಬಲದಿಂದ ಸ್ಟೆತಸ್ಕೋಪನ್ನ ಎಡಗಡೆಗೆ ತಂದರೆ, "ಅಲ್ಲಿ ಯಾಕೆ ಬಾಗ್ಲು ಬಡಿತೀರವ್ವಾ? ಅಲ್ಲಿ ಯಾರೂ ಇಲ್ಲ. ಈ ಕಡೆ ಬರ್ರಿ" ಅಂತಿದ್ದ.

ಬಲದಂಡೆ ಕಾಲುವೆ

ಆಂಜಿಯೋಗ್ರಾಂ ಮಾಡಿದಾಗ ನಗು ನಿಂತಿತು. ಗುಂಡಿಗೆಗೆ ರಕ್ತ ಕೊಡೋ ಮೂರು ನಾಳವೂ ಕಟ್ಟಿದ್ದವು. ಬೈಪಾಸ್ ಆಗಲೇಬೇಕು, ಅದೂ ಬೇಗ.

ನಮ್ಮ ದೊಡ್ಡ ಡಾಕ್ಟ್ರ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಮಾತು ಕಮ್ಮಿ, ಸಿಟ್ಟು ಇನ್ನೂ ಕಮ್ಮಿ, ಕೈ ಮಾತ್ರ ಚಿನ್ನ. ನನಗೆ ಅವರ ಮೇಲೆ ಎಷ್ಟು ಗೌರವ ಅಂದ್ರೆ, ನಮ್ಮೆಜಮಾನ್ರು "ನನ್ನ ಮಾತಿಗೆ ಒಂದು ದಿನವಾದ್ರೂ ಹಿಂಗೆ ತಲೆ ಆಡಿಸಿದ್ದೀಯಾ?" ಅಂತ ಕೇಳ್ತಾರೆ. ಇಂಥ ಡಾಕ್ಟ್ರು ಅಜ್ಜನ ಮಂಚದ ಮೇಲೆ ಕೂತು, ಅಜ್ಜನ ಊರಿನ ಭಾಷೆಯಲ್ಲೇ ಬಿಡಿಸಿ ಹೇಳಿದರು. "ಕಾಲುವೆಯಲ್ಲಿ ಕಲ್ಲು ಬಿದ್ದು ನೀರು ನಿಂತರೆ ಏನ್ಮಾಡ್ತೀರಿ? ಪಕ್ಕದಲ್ಲಿ ಇನ್ನೊಂದು ತೋಡಿ ಗದ್ದೆಗೆ ನೀರು ಹಾಯಿಸ್ತೀರಿ. ನಾನು ಮಾಡೋದೂ ಅಷ್ಟೇ. ಎದೆ ಗೋಡೆಯಿಂದ ಒಂದು ನಾಳ, ಕಾಲಿಂದ ಒಂದು ನಾಳ ತಗೊಂಡು ಹೊಸ ಕಾಲುವೆ ಮಾಡ್ತೀನಿ. ಎಲ್ಲರಿಗೂ ಎಡಗಡೆ ಮಾಡೋದನ್ನ ನಿಮಗೆ ಬಲಗಡೆ ಮಾಡಬೇಕು."

ಅಜ್ಜ ಕಣ್ಣು ಮುಚ್ಚಿ ಯೋಚನೆ ಮಾಡಿದ. "ಹಂಗಂದ್ರೆ ಮಾರಿಕಣಿವೆ ಎಡದಂಡೆ ಕೆಲಸ ಮಾಡಿದ ಕಂಟ್ರಾಕ್ಟರಿಗೆ ಬಲದಂಡೆ ಕಾಲುವೆ ಕೊಟ್ಟಂಗಾಯ್ತು. ಹೂಂ. ಮೊದ್ಲು ಯಾವತ್ತಾನ ಬಲದಂಡೆ ಮಾಡೀರಾ ಸಾಮಿ?"

"ಇಲ್ಲ ಅಜ್ಜಾ. ಇದೇ ಮೊದಲು" ಅಂದರು ಡಾಕ್ಟ್ರು. ಸುಳ್ಳು ಹೇಳೋ ಜಾಯಮಾನ ಅವರದ್ದಲ್ಲ.

"ಅಯ್ಯೋ, ಹೆದರ್ಕಬ್ಯಾಡ್ರಿ" ಅಂತ ಅಜ್ಜನೇ ಅವರ ಬೆನ್ನು ತಟ್ಟಿದ. "ನಂಗೂ ಇದೇ ಮೊದ್ಲು."

ಡ್ರೈವರಿನ ಬೈಪಾಸ್

ಡಾಕ್ಟ್ರು ಹೆದರಲಿಲ್ಲ, ಅಭ್ಯಾಸಕ್ಕೆ ಕೂತರು. ಕೈ ತೊಳೆಯೋ ಜಾಗದ ಕನ್ನಡಿ ಮುಂದೆ ಎಲ್ಲರ ಹಾಗಿರೋ ಗುಂಡಿಗೆಯ ಚಿತ್ರ ಹಿಡಿದು, ಕನ್ನಡಿಯೊಳಗಿನ ಚಿತ್ರ ನೋಡ್ತಾ ಗಾಳಿಯಲ್ಲಿ ಹೊಲಿಗೆ ಹಾಕ್ತಿದ್ದರು. ಅಷ್ಟು ಹೆಸರು ಮಾಡಿದವರು, ಪರೀಕ್ಷೆಗೆ ಹೋಗೋ ಮಗುವಿನ ಹಾಗೆ ದಿನಾ ನಿಂತು ಕಲಿತರು. ಅದನ್ನ ನೋಡಿ ನನಗೆ ಮನಸ್ಸು ತುಂಬಿ ಬಂತು.

ಆಮೇಲೆ ನಮಗೆಲ್ಲ ತಾಲೀಮು. ಯಾವಾಗಲೂ ಅವರು ರೋಗಿಯ ಬಲಕ್ಕೆ ನಿಲ್ಲೋದು, ಅಸಿಸ್ಟೆಂಟ್ ಡಾಕ್ಟ್ರು ಎದುರಿಗೆ ಎಡಕ್ಕೆ, ನಾನು ಅವರ ಪಕ್ಕ. ಈ ಸಲ ದೊಡ್ಡ ಡಾಕ್ಟ್ರು ಎಡಕ್ಕೆ ನಿಲ್ಲಬೇಕು, ಉಳಿದವರೆಲ್ಲ ಆಚೆಗೆ. ಅಜ್ಜನ ಬದಲಿಗೆ ನಮ್ಮ ಆಂಬುಲೆನ್ಸ್ ಡ್ರೈವರನ್ನ ಮಲಗಿಸಿದೆವು. ಒಳ್ಳೇ ಆಳು, ಅಗಲವಾದ ಎದೆ. "ಅಲ್ಲಾಡಬೇಡ" ಅಂತ ಹೇಳಿ ಎಲ್ಲರೂ ಜಾಗಕ್ಕೆ ಹೋದೆವು. ನೋಡಿದ್ರೆ ದೊಡ್ಡ ಡಾಕ್ಟ್ರು, ಅಸಿಸ್ಟೆಂಟು, ನಾನು, ಮೂವರೂ ಒಂದೇ ಕಡೆ, ಸಿಟಿ ಬಸ್ಸಲ್ಲಿ ನಿಂತ ಹಾಗೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೀವಿ. ಆಚೆ ಕಡೆ ಒಂದು ನರಪಿಳ್ಳೆ ಇಲ್ಲ.

"ಇನ್ನೊಂದು ಸಲ" ಅಂದರು ಡಾಕ್ಟ್ರು. ನೆಲಕ್ಕೆ ಪ್ಲಾಸ್ಟರ್ ಅಂಟಿಸಿ ನಿಲ್ಲೋ ಜಾಗ ಗುರುತು ಮಾಡಿದೆವು. ಅವರು ಕೈ ಚಾಚಿದರೆ ನಾನು ಹಳೇ ಅಭ್ಯಾಸದಲ್ಲಿ ಗಾಳಿಗೆ ಚಿಮಟ ಕೊಡ್ತಿದ್ದೆ. "ಇನ್ನೊಂದು ಸಲ." ಸಂಜೆ ಹೊತ್ತಿಗೆ ಕಣ್ಣು ಮುಚ್ಚಿದ್ರೂ ಕೈ ಸರಿಯಾಗಿ ಹೋಗೋ ಹಂಗಾಯ್ತು. ಎಲ್ಲರಿಗೂ ಖುಷಿ. ಡ್ರೈವರ್ ಮಾತ್ರ ಏಳ್ತಿಲ್ಲ. ಎಸಿ ತಂಪಿಗೆ ಗೊರಕೆ! ನಾನು ಭುಜ ಹಿಡಿದು ಅಲ್ಲಾಡಿಸಿದೆ. ಕಣ್ಣು ಬಿಟ್ಟ, ತಲೆ ಮೇಲಿನ ದೀಪ ನೋಡಿದ, ಮಾಸ್ಕು ಹಾಕಿದ ನಮ್ಮನ್ನೆಲ್ಲ ನೋಡಿದ, ಎದೆ ಮುಟ್ಟಿ ನೋಡ್ಕೊಂಡು ಕೈ ಮುಗಿದ.

"ಸಾರ್, ನಂದು ಸಕ್ಸಸ್ಸಾ?"

ಎಡಕ್ಕೆ ಬಿದ್ದ ಹೂವು

ಮರುದಿನ ಆಪರೇಷನ್ ಅನ್ನೋವಾಗ, ಮಧ್ಯಾಹ್ನ ಅಜ್ಜನ ಅಣ್ಣ ಬಂದ. ಹಟ್ಟಿಗೆ ಅವನೇ ಯಜಮಾನ. ದೊಡ್ಡ ರುಮಾಲು, ಹೆಗಲ ಮೇಲೆ ಕಂಬಳಿ. ಬಂದವನೇ, "ಏಳಲೇ ತಮ್ಮಾ, ಹೋಗಾಣ ಊರಿಗೆ" ಅಂದ.

ಏನಾಗಿತ್ತು ಅಂದ್ರೆ, ಹಟ್ಟಿಯವರು ಅಮ್ಮನ ಗುಡಿಯಲ್ಲಿ ಹೂ ಕೇಳಿದ್ದರು. ನಮ್ಮ ಕಡೆ ಮದುವೆಯಿಂದ ಹಿಡಿದು ಬಾವಿ ತೋಡೋವರೆಗೂ ಕೇಳದೆ ಮಾಡೋರಿಲ್ಲ. ದೇವಿಯ ಮೈಮೇಲೆ ಒದ್ದೆ ಹೂ ಅಂಟಿಸಿ, ಮನಸ್ಸಲ್ಲಿ ಇರೋದನ್ನ ಕೇಳಬೇಕು. ಹೂ ಬಲಕ್ಕೆ ಬಿದ್ದರೆ ಆಗಲಿ ಅಂತ, ಎಡಕ್ಕೆ ಬಿದ್ದರೆ ಬೇಡ ಅಂತ. ಅಜ್ಜನ ಆಪರೇಷನ್ ಮಾಡಿಸಬಹುದಾ ಅಂತ ಕೇಳಿದ್ದಕ್ಕೆ ಹೂ ಎಡಕ್ಕೆ ಬಿದ್ದಿತ್ತು. ಬಾಯಿಮಾತಲ್ಲ, ಯಜಮಾನ ಮೊಬೈಲಲ್ಲಿ ವಿಡಿಯೋ ತಂದಿದ್ದ. ದೊಡ್ಡ ಡಾಕ್ಟ್ರು ಅದನ್ನ ಆಂಜಿಯೋಗ್ರಾಂ ನೋಡೋವಷ್ಟೇ ಗಂಭೀರವಾಗಿ ಎರಡು ಸಲ ನೋಡಿದರು.

"ಎಡಕ್ಕೇ ಬಿದ್ದಿದೆ" ಅಂತ ಒಪ್ಪಿಕೊಂಡರು. "ಆದರೆ ಯಜಮಾನ್ರೇ, ಹಿಂಗೇ ಕರ್ಕೊಂಡು ಹೋದರೆ ಇವರು ಗುಡ್ಡ ಹತ್ತೋದಿರಲಿ, ಮನೆ ಮೆಟ್ಟಿಲು ಹತ್ತೋದೂ ಕಷ್ಟ. ಜೀವಕ್ಕೇ ಅಪಾಯ. ಇನ್ನೊಂದು ಸಲ ಕೇಳಿ ನೋಡ್ರಿ."

"ಅಮ್ಮನ್ನ ಒಂದು ಮಾತು ಎರಡು ಸಲ ಕೇಳಂಗಿಲ್ಲ ಸಾಮಿ. ಅವ್ಳೇನು ಕಿವುಡಿಯಾ?"

ಅಜ್ಜ ಅಣ್ಣನ ಮಾತು ಮೀರೋನಲ್ಲ. ಮಂಚದಿಂದ ಇಳಿದು ಚಪ್ಪಲಿ ಹುಡುಕೋಕೆ ಶುರು ಮಾಡಿದ. ಅಷ್ಟಕ್ಕೇ ಅವನಿಗೆ ಉಬ್ಬಸ.  ಇಷ್ಟು ದಿನದ ತಾಲೀಮು, ಡಾಕ್ಟ್ರ ಕನ್ನಡಿ, ಎಲ್ಲಾ ನೀರಲ್ಲಿ ಹೋಮ ಆಗೋ ಹಂಗೆ ಕಾಣ್ತು.

ಇಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಭಾವಾ, ಹೂ ಯಾವ ಕಡೆ ಬಿತ್ತು ಅಂದ್ರಿ?"

"ಎಡಕ್ಕೆ. ಕಿವಿ ಇಲ್ವಾ ನಿಂಗೆ?"

"ಸರಿಯಾಗೇ ಬಿದ್ದೈತಲ್ಲ ಮತ್ತೆ!"

ಎಲ್ಲರೂ ಅವಳ ಮುಖ ನೋಡಿದೆವು.

"ಯಾರ ವಿಷ್ಯ ಕೇಳಿದ್ರಿ? ಇವನ್ದು ತಾನೆ? ಇವನಿಗೆ ಎಲ್ಲಾರಂಗೆ ಐತಾ ಮೈಯಾಗೆ? ಎಲ್ಲಾರಿಗೂ ಎಡಕ್ಕಿರೋದು ಇವನಿಗೆ ಬಲಕ್ಕೈತೆ, ಬಲಕ್ಕಿರೋದು ಎಡಕ್ಕೈತೆ. ನಿಮಗಾದ್ರೆ ಬಲಕ್ಕೆ ಕೊಡ್ತಾಳೆ, ಇವನಿಗೆ ಎಡಕ್ಕೇ ಕೊಡಬೇಕು. ಡಾಕ್ಟ್ರಿಗೇ ಮೊನ್ನೆ ಮೊನ್ನೆ ಗೊತ್ತಾಯ್ತು, ನಮಗೂ ಆಮೇಲೇ ಗೊತ್ತಾಯ್ತು. ಹಿಂಗೆ ಮಾಡಿ ಕಳಿಸಿದ ತಾಯಿಗೆ ಗೊತ್ತಿರಲ್ವಾ? ಅವಳು ನೆನಪಿಟ್ಕಂಡು ಎಡಕ್ಕೆ ಕೊಟ್ರೆ, ನೀವು ಬ್ಯಾಡ ಅಂದ್ಳು ಅಂತೀರಲ್ಲ!"

 ಯಜಮಾನ ಡಾಕ್ಟ್ರ ಕಡೆ ತಿರುಗಿದ. "ಹೌದೇನ್ರಿ?"

"ದೇವಿ ವಿಷಯ ನನಗೆ ಗೊತ್ತಿಲ್ಲ" ಅಂದರು ಡಾಕ್ಟ್ರು. "ಇವರ ಎಡ ಬಲ ಬೇರೆ ಅನ್ನೋದಕ್ಕೆ ಮಾತ್ರ ಸಾಕ್ಷಿ ಇದೆ." ಎಕ್ಸ್‌ರೇ ಫಿಲಂ ತರಿಸಿ ಬೆಳಕಿಗೆ ಹಿಡಿದರು. ಯಜಮಾನ ತುಂಬ ಹೊತ್ತು ನೋಡಿದ. ಬಲಗಡೆ ಬೆಳ್ಳಗೆ ಕಾಣ್ತಿದ್ದ ತಮ್ಮನ ಗುಂಡಿಗೆ ಮೇಲೆ ಬೆರಳಾಡಿಸಿದ. ಆಮೇಲೆ ಚಪ್ಪಲಿ ಬಿಟ್ಟು, ರುಮಾಲು ತೆಗೆದು, ಎಕ್ಸ್‌ರೇಗೇ ಕೈ ಮುಗಿದ. ಡಾಕ್ಟ್ರು ಫಿಲಂ ಹಿಡಿದಿದ್ದವರು ಕೈ ಇಳಿಸೋ ಹಂಗಿಲ್ಲ, ಮಂಗಳಾರತಿ ಮುಗಿಯೋವರೆಗೂ ನಿಂತಿರೋ ಪೂಜಾರಿ ಹಂಗೆ ನಿಂತೇ ಇದ್ದರು.

ಚಪ್ಪಲಿ

ಬೆಳಿಗ್ಗೆ ಥಿಯೇಟರಿಗೆ ಹೋಗೋವಾಗ ಬಾಗಿಲಲ್ಲಿ ಅಜ್ಜಿ ನನ್ನ ಕೈ ಹಿಡ್ಕೊಂಡಳು. ಹಿಂದಿನ ದಿನ ಅಷ್ಟು ಜೋರು ಮಾಡಿದ ಹೆಂಗಸು ಈಗ ಕಿವಿ ಹತ್ತಿರ ಬಂದು ಪಿಸುಗುಟ್ಟಿದಳು.

"ಸಿಸ್ಟ್ರಮ್ಮಾ, ನಿನ್ನೆ ನಾನು ಅಂದಿದ್ದು ನಿಜಾನೋ ಸುಳ್ಳೋ ನಂಗೇ ಗೊತ್ತಿಲ್ಲ ಕಣವ್ವ. ಅವನ್ನ ಕರ್ಕಂಡು ಹೋಗಿಬಿಡ್ತಾರೆ ಅಂತ ಬಾಯಿಗೆ ಬಂದಿದ್ದು ಅಂದೆ. ಅಮ್ಮ ನಿಜವಾಗ್ಲೂ ಬ್ಯಾಡ ಅಂದಿದ್ರೆ? ತಪ್ಪಾಗಿದ್ರೆ ನಂಗಾಗ್ಲಿ, ಅವನಿಗೆ ಬ್ಯಾಡ."

 "ಏನೂ ಆಗಲ್ಲ ಅಜ್ಜಿ" ಅಂದೆ. ಅಂದೆ ಅಷ್ಟೇ. ಒಳಗೆ ಹೋದ ಮೇಲೆ ನನಗೂ ಆ ಹೂವೇ ಕಣ್ಣ ಮುಂದೆ.

ಅಜ್ಜನ ಎದೆ ತೆರೆದಾಯ್ತು. ಇಷ್ಟು ವರ್ಷ ಒಂದು ಕಡೆಗೆ ಮುಖ ಮಾಡಿದ ಗುಂಡಿಗೆಯನ್ನೇ ನೋಡಿದ ಕಣ್ಣಿಗೆ, ಆಚೆ ಕಡೆಗೆ ಮುಖ ಮಾಡಿ ಬಡೀತಿರೋ ಅದನ್ನ ನೋಡಿದ್ರೆ ಗೊತ್ತಿರೋ ಬೀದಿಯಲ್ಲೇ ದಾರಿ ತಪ್ಪಿದ ಹಂಗೆ. ಡಾಕ್ಟ್ರು ಮಾತ್ರ ಕನ್ನಡಿ ಮುಂದೆ ನಿಂತಂಗೇ ನಿಂತರು. ಎದೆ ಗೋಡೆಯ ಬಲಗಡೆ ನಾಳ ಬಿಡಿಸಿದರು, ಕಾಲಿನ ನಾಳ ತಂದರು, ಗುಂಡಿಗೆ ನಿಲ್ಲಿಸಿದರು, ಒಂದೊಂದಾಗಿ ಹೊಲಿದರು. ನನ್ನ ಕೈ ಒಂದು ಸಲವೂ ಗಾಳಿಗೆ ಹೋಗಲಿಲ್ಲ. ಎಲ್ಲಾ ಮುಗಿದು, ನಿಲ್ಲಿಸಿದ ಗುಂಡಿಗೆಯನ್ನ ಎಬ್ಬಿಸೋ ಹೊತ್ತು. ಸ್ವಲ್ಪ ನಡುಗಿತು. ನಾನು ಹೊಳಲ್ಕೆರೆ ಗಣಪತಿಗೂ ಒಂದು ಅರ್ಜಿ ಹಾಕಿದೆ, ಇರಲಿ ಅಂತ. ಒಂದು ಬಡಿತ. ಇನ್ನೊಂದು. ಆಮೇಲೆ ಕುರಿ ಹಿಂದೆ ಹೋಗೋ ಅಜ್ಜನ ಹೆಜ್ಜೆ ಹಾಗೆ ಒಂದೇ ಸಮ ನಡೆಯಿತು. "ಸರಿ" ಅಂದರು ಡಾಕ್ಟ್ರು. ಅವರ ಬಾಯಲ್ಲಿ ಸರಿ ಅಂದ್ರೆ ನಮಗೆ ಸನ್ಮಾನ.

ಹೊರಗೆ ಹೋಗಿ ಅವರು ಅಜ್ಜಿಗೆ ಹೇಳಿದರು, "ಚೆನ್ನಾಗಿ ಆಯ್ತು ಅಜ್ಜಿ. ಹೊಸ ಕಾಲುವೆಯಲ್ಲಿ ನೀರು ಹರೀತಾ ಇದೆ." ಅಜ್ಜಿ ಅಲ್ಲೇ ನೆಲದ ಮೇಲೆ ಕೂತು, ಅವರ ಕಾಲಿಗೆ ಹಣೆ ಹಚ್ಚೋಕೆ ಬಗ್ಗಿದಳು. ಬಗ್ಗಿದವಳು ಹಾಗೇ ಕಾಲು ನೋಡ್ತಾ ಕೂತುಬಿಟ್ಟಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಡಾಕ್ಟ್ರೇ, ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕಂಡಿದೀರಿ."

ಡಾಕ್ಟ್ರು ಕೆಳಗೆ ನೋಡ್ಕೊಂಡರು. "ಅಜ್ಜಿ, ಇವತ್ತೊಂದು ದಿನ ನನ್ನ ಹತ್ತಿರ ಎಡ ಬಲದ ಮಾತು ಆಡಬೇಡಿ."

ಬೀಡಿ

ಕೆಲವು ತಿಂಗಳಾದ ಮೇಲೆ ಇಬ್ಬರೂ ಚೆಕಪ್ಪಿಗೆ ಬಂದರು. ಅಜ್ಜ ಮೆಟ್ಟಿಲು ಹತ್ಕೊಂಡೇ ಬಂದ, ಲಿಫ್ಟಿನಲ್ಲಿ ಬಂದ ನಮಗಿಂತ ಮೊದಲೇ ಬಂದು ನಿಂತಿದ್ದ. ಗಾಯ ಮಾದಿತ್ತು, ಇಸಿಜಿ ಚೆನ್ನಾಗಿತ್ತು. ಈ ಸಲ ಟೆಕ್ನಿಷಿಯನ್ ವೈರುಗಳನ್ನ ತಾನೇ ಬಲಗಡೆ ಅಂಟಿಸಿ, "ನೋಡಜ್ಜಾ, ಕಲಿತಿದ್ದೀನಿ" ಅಂದ. ಅಜ್ಜ ಮಾತ್ರ ಮುಖ ಗಂಟು ಹಾಕ್ಕೊಂಡಿದ್ದ.

"ಏನಜ್ಜಾ, ನೋವಾ?" ಅಂದರು ಡಾಕ್ಟ್ರು.

"ನೋವಿಲ್ಲ ಸಾಮಿ, ನ್ಯಾಯ ಇಲ್ಲ" ಅಂದ ಅಜ್ಜ. ನಮ್ಮ ಡಾಕ್ಟ್ರು ಬೀಡಿ ಬಿಡಿಸಿದ್ದರು. ಅಜ್ಜನಿಗೆ ಅದೊಂದೇ ಕೊರಗು. ಡಾಕ್ಟ್ರು ಒಪ್ಪಲ್ಲ, ಅಜ್ಜಿ ಒಪ್ಪಲ್ಲ. ಕೊನೆಗೆ ಇವರಿಬ್ಬರಿಗಿಂತ ಮೇಲಿನವರ ಹತ್ತಿರ ಹೋಗೋಣ ಅಂತ, ಒಂದು ದಿನ ಸ್ನಾನ ಮಾಡಿ, ಒಬ್ಬನೇ ಅಮ್ಮನ ಗುಡಿಗೆ ಹೋಗಿದ್ದ. ಪೂಜಾರಿಯಿಂದ ಹೂ ಏರಿಸಿ ಕೇಳಿದ್ದ, "ಅವ್ವಾ, ಊಟ ಆದ್ಮೇಲೆ ಒಂದೇ ಒಂದು ಬೀಡಿ ಸೇದ್ಲಾ?"

"ಕೇಳಿ ಬಾಯಿ ಮುಚ್ಚಿರಲಿಲ್ಲ ಸಾಮಿ, ಟಪ್ ಅಂತ ಬಲಕ್ಕೆ ಕೊಟ್ಳು! ನಾನು ಆ ಹೂ ಕಣ್ಣಿಗೊತ್ಕಂಡು ಮನೆಗೆ ಓಡಿ ಬಂದೆ. 'ನೋಡೇ, ಬಲಕ್ಕೆ ಕೊಟ್ಟವ್ಳೆ, ತಗಿ ಬೆಂಕಿಪೊಟ್ಣ' ಅಂದೆ."

"ಆಮೇಲೆ?"

ಅಜ್ಜ ಹೆಂಡತಿ ಕಡೆ ಕೈ ತೋರಿಸಿದ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಕೊಂಡು ಗೋಡೆ ಕಡೆ ತಿರುಗಿದಳು, ಬೆನ್ನು ಮಾತ್ರ ಕುಲುಕ್ತಿತ್ತು.

"ಇವ್ಳು ಒಲೆ ಮುಂದಿಂದ ಎದ್ದೂ ನೋಡ್ಲಿಲ್ಲ ಸಾಮಿ. 'ಬಲಕ್ಕೆ ಕೊಟ್ಳಾ? ಹಂಗಾದ್ರೆ ಬ್ಯಾಡ ಅಂದ್ಳು, ಕೈ ತೊಳಕಂಡು ಉಣ್ಣಾಕೆ ಕುಂತ್ಕ' ಅಂದ್ಳು. ಅಣ್ಣನ ಹತ್ರ ದೂರು ಹೇಳಿದ್ರೆ, 'ಅವಳು ಹೇಳೋದು ಖರೇ ಐತಲೇ, ಎಕ್ಸ್‌ರೇ ನಾನೇ ನೋಡೀನಿ' ಅಂತಾನೆ."

ಡಾಕ್ಟ್ರಿಗೆ ನಗು ತಡೆಯೋಕಾಗದೆ ಫೈಲಿನಲ್ಲಿ ಮುಖ ಮುಚ್ಕೊಂಡರು. ನಾನು ಅಜ್ಜಿ ಹತ್ತಿರ ಹೋಗಿ ಪಿಸುಗುಟ್ಟಿದೆ, "ಬಾಯಿಗೆ ಬಂದಿದ್ದು ಅಂದೆ ಅಂತಿದ್ದೆಯಲ್ಲ ಅಜ್ಜಿ?" "ಅಂದಾಗ ಹಂಗೇ ಅಂದಿದ್ದು ಕಣವ್ವ" ಅಂದಳು ಅವಳು. "ಅಮ್ಮ ಅದನ್ನ ನಡೆಸಿಕೊಟ್ಳಲ್ಲ, ಇನ್ನು ನಾನು ಮಾತು ತಪ್ಪಬಹುದಾ?"

ಅಜ್ಜ ಮಾತ್ರ ಬಿಡಲಿಲ್ಲ. ಮಂಚದಿಂದ ಇಳಿದು ಡಾಕ್ಟ್ರ ಎರಡೂ ಕೈ ಗಟ್ಟಿಯಾಗಿ ಹಿಡ್ಕೊಂಡ.

"ಸಾಮಿ, ನಿಮ್ಮ ಕೈಯಾಗೆ ದೇವ್ರವ್ನೆ. ಇನ್ನೊಂದು ಆಪರೇಷನ್ ಮಾಡಿ ಎಲ್ಲಾ ಸಾಮಾನೂ ಎತ್ತಿ ಎಲ್ಲಾರಂಗೆ ಇಟ್ಬಿಡ್ರಿ! ಇದು ಹಿಂಗೇ ಇದ್ರೆ, ಅಮ್ಮ ಏನು ಕೊಟ್ರೂ ಇವ್ಳ ಕಡೆಗೇ ಬೀಳ್ತೈತೆ!"